ಸಿಡಿಲು ಸುಟ್ಟ ಕಾಡಿಗೆ ಎಂಥ ಮದ್ದು?

1988ರ ಸೆಪ್ಟೆಂಬರ್ 11ರಂದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಮೇಲೆ ಸಣ್ಣ ಮಳೆಯೂ ಹಿಮವೂ ಬಿದ್ದವು. ನೆಲ ತೋಯ್ದದ್ದು ಕಾಲು ಇಂಚಿನಷ್ಟು. ಆ ಬೇಸಿಗೆಯಲ್ಲಿ ಸರದಿಯ ಮೇಲೆ ಬಂದು ದುಡಿದ ಸುಮಾರು 25,000 ಮಂದಿ, ಸೇನೆಯ ತುಕಡಿಗಳು, ಹೆಲಿಕಾಪ್ಟರುಗಳು, ಸುಮಾರು 12 ಕೋಟಿ ಡಾಲರ್ ಹಣ ಎಲ್ಲ ಸೇರಿ ಮಾಡಲಾಗದ ಕೆಲಸವನ್ನು ಈ ಕಾಲು ಇಂಚು ಮಾಡಿತು. ಎರಡು ತಿಂಗಳಿಂದ ಉರಿಯುತ್ತಿದ್ದ ಬೆಂಕಿಯ ಸೊಕ್ಕು ಇಳಿಯಿತು. ಲೆಕ್ಕ ಹಾಕಿದಾಗ ಉದ್ಯಾನದ ಶೇ. 36 ಭಾಗ, ಅಂದರೆ ಸುಮಾರು 7.94 ಲಕ್ಷ ಎಕರೆ, ಬೆಂಕಿಯ ಹಾದಿಗೆ ಸಿಕ್ಕಿತ್ತು. ನಮ್ಮ ಬಂಡೀಪುರದಂಥ ಮೂರು ಉದ್ಯಾನಗಳನ್ನು ಪಕ್ಕಪಕ್ಕ ಇಟ್ಟರೂ ಅಷ್ಟಾಗದು.

ಬೆಂಕಿ ನಂದಿತು, ಸರಿ. ಆ ನೆಲವನ್ನು ಮುಂದೇನು ಮಾಡಬೇಕು? ಹೊಗೆ ಇನ್ನೂ ಪೂರ್ತಿ ಅಡಗುವ ಮೊದಲೇ ಕೆಲಸದ ತಂಡಗಳು ಗುದ್ದಲಿ, ಸಲಿಕೆ, ಗರಗಸ ಹಿಡಿದು ಕಾಡಿಗೆ ಇಳಿದವು. ಆದರೆ ಅವರು ಹೋದದ್ದು ಸುಟ್ಟ ಮರಗಳಿಗೆ ಬದಲಾಗಿ ಸಸಿ ನೆಡಲು ಅಲ್ಲ. ಬೆಂಕಿ ಆರಿಸಲು ಬಂದವರೇ ನೆಲಕ್ಕೆ ಮಾಡಿಟ್ಟ ಗಾಯಗಳನ್ನು ಮುಚ್ಚಲು. ಸುಟ್ಟ ಕಾಡಿನ ಬಗ್ಗೆ ಮನುಷ್ಯನ ತಿಳಿವಳಿಕೆ ಒಂದು ಶತಮಾನದಲ್ಲಿ ಎಷ್ಟು ಹೊರಳಿತು ಎಂಬುದು ಈ ಒಂದು ಸಂಗತಿಯಲ್ಲೇ ಇದೆ.

ಮೊದಲು ಸಿಡಿಲಿನ ವಿಷಯ. ನಮ್ಮಲ್ಲಿ ಸಿಡಿಲೆಂದರೆ ಮಳೆಯ ಜೊತೆಗಾರ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಹಿಂದೆಯೇ ನೀರು ಸುರಿಯುವುದರಿಂದ ಸಿಡಿಲು ಬಡಿದ ಮರ ಸೀಳುತ್ತದೆ, ಕಾಡು ಉಳಿಯುತ್ತದೆ. ನಮ್ಮ ಕಾಳ್ಗಿಚ್ಚುಗಳ ಹಿಂದೆ ಬಹುತೇಕ ಮನುಷ್ಯನ ಕೈಯೇ ಇರುತ್ತದೆ. ಪಶ್ಚಿಮ ಅಮೆರಿಕದ ಎತ್ತರದ ಒಣನಾಡಿನಲ್ಲಿ ಹಾಗಲ್ಲ. ಅಲ್ಲಿ ಬೇಸಿಗೆಯ ಮೋಡ ಗುಡುಗುತ್ತದೆ, ಮಳೆಯನ್ನೂ ಇಳಿಸುತ್ತದೆ, ಆದರೆ ಕೆಳಗಿನ ಒಣಗಾಳಿ ಆ ಹನಿಗಳನ್ನು ನೆಲ ಮುಟ್ಟುವ ಮೊದಲೇ ಕುಡಿದುಬಿಡುತ್ತದೆ. ನೆಲಕ್ಕೆ ಬರುವುದು ಸಿಡಿಲು ಮಾತ್ರ. ಇದಕ್ಕೆ ‘ಒಣ ಸಿಡಿಲು’ ಎನ್ನುತ್ತಾರೆ. ಬಡಿದ ಕಿಡಿ ಕೆಲವೊಮ್ಮೆ ಬೇರಿನಲ್ಲೋ ಒಣ ಕೊರಡಿನಲ್ಲೋ ದಿನಗಟ್ಟಲೆ ಅಡಗಿ ಕುಳಿತು, ಗಾಳಿ ಎದ್ದ ದಿನ ಹೊರಬರುತ್ತದೆ. ಅಂದಮೇಲೆ ಆ ಕಾಡುಗಳಿಗೆ ಬೆಂಕಿ ಹೊಸದಲ್ಲ. ಮನುಷ್ಯ ಕಾಲಿಡುವ ಮೊದಲೂ ಅವು ಸುಟ್ಟು ಬೆಳೆದವು, ಬೆಳೆದು ಸುಟ್ಟವು.

ಈ ಮಾತು ಒಪ್ಪಿಕೊಳ್ಳಲು ಅಮೆರಿಕನ್ನರಿಗೆ ಬಹಳ ಕಾಲ ಹಿಡಿಯಿತು. ಕಾರಣ 1910. ಆ ವರ್ಷ ಐಡಹೋ ಮತ್ತು ಮಾಂಟಾನಾ ಸೀಮೆಯಲ್ಲಿ ಸಿಡಿಲಿನಿಂದಲೂ, ರೈಲು ಎಂಜಿನ್ನುಗಳ ಕಿಡಿಯಿಂದಲೂ ಹತ್ತಿಕೊಂಡಿದ್ದ ನೂರಾರು ಬೆಂಕಿಗಳು ಆಗಸ್ಟ್ 20 ಮತ್ತು 21ರ ಬಿರುಗಾಳಿಗೆ ಒಂದಾದವು. ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಹೋಯಿತು. ಸತ್ತವರು ಎಂಬತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಬೆಂಕಿ ಆರಿಸಲು ಹೋದ ಕೂಲಿಗಳು. ಎಡ್ ಪುಲಾಸ್ಕಿ ಎಂಬ ಅರಣ್ಯ ರೇಂಜರ್ ತನ್ನ ತಂಡವನ್ನು ಹಳೆಯ ಗಣಿಯೊಂದರ ಸುರಂಗದೊಳಗೆ ತಳ್ಳಿ, ಬಾಗಿಲಲ್ಲಿ ತಾನೇ ನಿಂತು ಬಹುತೇಕ ಎಲ್ಲರನ್ನೂ ಉಳಿಸಿದ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯಿರುವ ಆಯುಧಕ್ಕೆ ಅವನ ಹೆಸರೇ ನಿಂತಿದೆ. ಇಂದಿಗೂ ಅಲ್ಲಿನ ಅಗ್ನಿಶಾಮಕರ ಹೆಗಲ ಮೇಲೆ ಇರುವುದು ‘ಪುಲಾಸ್ಕಿ’.

ಆಗ ಅರಣ್ಯ ಸೇವೆ ಹುಟ್ಟಿ ಐದೇ ವರ್ಷ. ಮಕ್ಕಳ ಆಟದಂತಿದ್ದ ಇಲಾಖೆಗೆ ಈ ಬೆಂಕಿ ಒಂದು ಧರ್ಮವನ್ನೇ ಕೊಟ್ಟಿತು: ಬೆಂಕಿ ಶತ್ರು, ಸುಟ್ಟ ನೆಲ ಸೋಲು, ಗಿಡ ನೆಡುವುದೇ ಪ್ರಾಯಶ್ಚಿತ್ತ. ಮಾಂಟಾನಾದ ಸಾವೆನಾಕ್ ಎಂಬಲ್ಲಿದ್ದ ಎಳೆಯ ಸಸ್ಯಕ್ಷೇತ್ರ 1910ರಲ್ಲೇ ಸುಟ್ಟುಹೋಗಿತ್ತು. ಅದನ್ನು ಮತ್ತೆ ಕಟ್ಟಿ, ಅಲ್ಲಿ ಬೆಳೆಸಿದ ಸಸಿಗಳನ್ನು ಸುಟ್ಟ ಬೆಟ್ಟಗಳಿಗೆ ಹೊತ್ತು ನೆಟ್ಟರು. 1935ರ ಹೊತ್ತಿಗೆ ನಿಯಮ ಇನ್ನೂ ಬಿಗಿಯಾಯಿತು. ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ಬರಬೇಕು. ಸಿಡಿಲು ಬಡಿದದ್ದೋ, ಯಾರೋ ಬೀಡಿ ಎಸೆದದ್ದೋ ಎಂಬ ಭೇದವಿಲ್ಲ.

ಈ ಧರ್ಮಕ್ಕೆ ಮೊದಲ ಗಟ್ಟಿ ಪೆಟ್ಟು ಬಿದ್ದದ್ದು 1963ರಲ್ಲಿ. ಪ್ರಾಣಿಶಾಸ್ತ್ರಜ್ಞ ಸ್ಟಾರ್ಕರ್ ಲಿಯೋಪೋಲ್ಡ್ ಅಧ್ಯಕ್ಷತೆಯ ಸಮಿತಿಯೊಂದು, ರಾಷ್ಟ್ರೀಯ ಉದ್ಯಾನಗಳು ಬಿಳಿಯರು ಮೊದಲು ಕಂಡಾಗ ಹೇಗಿದ್ದವೋ ಹಾಗಿರಬೇಕು, ಬೆಂಕಿಯೂ ಅದರ ಒಂದು ಭಾಗ ಎಂದಿತು. ಯೆಲ್ಲೋಸ್ಟೋನ್ 1972ರಿಂದ ಸಿಡಿಲಿನ ಬೆಂಕಿಗೆ, ಜನರಿಗೂ ಕಟ್ಟಡಗಳಿಗೂ ಅಪಾಯವಿಲ್ಲದ ಕಡೆ, ತನ್ನಷ್ಟಕ್ಕೆ ಉರಿಯಲು ಬಿಟ್ಟಿತು. ಮುಂದಿನ ಹದಿನೈದು ವರ್ಷಗಳಲ್ಲಿ ಹೀಗೆ ಬಿಟ್ಟ ಬೆಂಕಿಗಳು 235. ಎಲ್ಲ ಸೇರಿ ಸುಟ್ಟದ್ದು 34,000 ಎಕರೆಯೂ ಆಗಲಿಲ್ಲ. ಎಲ್ಲವೂ ತಾವೇ ಆರಿದವು. ಇಷ್ಟು ಸಾಧುವಾದ ಬೆಂಕಿಯನ್ನು ಕಂಡು ಯಾರಿಗಾದರೂ ಧೈರ್ಯ ಬರುವುದು ಸಹಜ.

1988ರ ವಸಂತದಲ್ಲಿ ಮಳೆಯೂ ಚೆನ್ನಾಗಿತ್ತು. ಆಮೇಲೆ ಆಕಾಶ ಮುಚ್ಚಿಕೊಂಡಿತು. ಉದ್ಯಾನದ ದಾಖಲೆಯಲ್ಲೇ ಅಷ್ಟು ಒಣ ಬೇಸಿಗೆ ಇರಲಿಲ್ಲ. ಜುಲೈ ಮೂರನೇ ವಾರದಲ್ಲಿ ಅಧಿಕಾರಿಗಳು ಮನಸ್ಸು ಬದಲಿಸಿ ಎಲ್ಲ ಬೆಂಕಿಯನ್ನೂ ಆರಿಸಲು ಹೊರಟರು. ಹೊತ್ತು ಮೀರಿತ್ತು. ಆಗಸ್ಟ್ 20ರ ಗಾಳಿ ಒಂದೇ ದಿನದಲ್ಲಿ ಉದ್ಯಾನದ ಒಳಗೂ ಸುತ್ತಲೂ ಒಂದೂವರೆ ಲಕ್ಷ ಎಕರೆಗೂ ಹೆಚ್ಚು ನೆಲಕ್ಕೆ ಬೆಂಕಿ ಹರಡಿತು. ‘ಕರಾಳ ಶನಿವಾರ’ ಎಂದು ಆ ದಿನಕ್ಕೆ ಹೆಸರು. 1910ರ ಬಿರುಗಾಳಿ ಬೀಸಿದ್ದೂ ಅದೇ ತಾರೀಖು. ಸೆಪ್ಟೆಂಬರ್ 7ರಂದು ಬೆಂಕಿ ಓಲ್ಡ್ ಫೇತ್‌ಫುಲ್ ಬಿಸಿನೀರ ಚಿಲುಮೆಯ ಬಳಿಗೇ ಬಂತು. 1904ರಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಹಳೆಯ ಹೋಟೆಲು ಕೂದಲೆಳೆಯಲ್ಲಿ ಉಳಿಯಿತು. ದೇಶದ ಟೀವಿಯಲ್ಲೆಲ್ಲ ಅದೇ ಸುದ್ದಿ. ಉದ್ಯಾನ ಸೇವೆಯ ನಿರ್ದೇಶಕರು ರಾಜೀನಾಮೆ ಕೊಡಬೇಕೆಂಬ ಕೂಗೂ ಎದ್ದಿತು.

ಆ ಕೂಗಿನಲ್ಲಿ ಮುಚ್ಚಿಹೋದ ವಿಷಯವೊಂದಿದೆ. ಹೋಟೆಲಿನ ಬಾಗಿಲಿಗೆ ಬಂದ ಬೆಂಕಿ ಸಿಡಿಲಿನದ್ದಲ್ಲ. ಉದ್ಯಾನದ ಆಚೆ ಕಟ್ಟಿಗೆ ಕಡಿಯುವವನೊಬ್ಬನ ಸಿಗರೇಟಿನಿಂದ ಹತ್ತಿದ್ದು. ಅದನ್ನು ಯಾರೂ ಉರಿಯಲು ಬಿಡಲೂ ಇಲ್ಲ, ಮೊದಲ ದಿನದಿಂದ ಆರಿಸಲು ಹೆಣಗಿದರು. ಆದರೂ ಆರಲಿಲ್ಲ. ಆ ವರ್ಷ ಬಿಟ್ಟ ಬೆಂಕಿ, ಬಿಡದ ಬೆಂಕಿ ಎರಡೂ ಒಂದೇ ಹಾದಿ ಹಿಡಿದವು.

ಈಗ ಗುದ್ದಲಿ ಹಿಡಿದು ಹೋದವರ ಕೆಲಸಕ್ಕೆ ಬರೋಣ. ಕಾಡಿನ ಬೆಂಕಿಯನ್ನು ನೀರಿನಿಂದ ಆರಿಸುವುದು ಕಡಿಮೆ. ಅದರ ಮುಂದೆ ತರಗೆಲೆ, ಬೇರು, ಹುಲ್ಲು ಎಲ್ಲ ಕೆರೆದು ಬರಿಮಣ್ಣಿನ ಪಟ್ಟಿ ಮಾಡಿದರೆ ಉರಿಯಲು ಏನೂ ಸಿಗದೆ ಅದು ನಿಲ್ಲಬೇಕು. ನಮ್ಮ ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಮಾಡುವ ಬೆಂಕಿ ರೇಖೆಯದೂ ಇದೇ ತತ್ವ. 1988ರಲ್ಲಿ ಯೆಲ್ಲೋಸ್ಟೋನ್ ಒಳಗೆ ಇಂಥ ರೇಖೆಗಳನ್ನು ಕೈಯಿಂದಲೇ ನೂರಾರು ಮೈಲಿ ಕೆರೆದಿದ್ದರು. ಬುಲ್ಡೋಜರುಗಳನ್ನು ಆದಷ್ಟು ದೂರವಿಟ್ಟಿದ್ದರೂ ಅವು ಉದ್ಯಾನದೊಳಗೆ 32 ಮೈಲಿ ಉದ್ದ ಮೇಲ್ಮಣ್ಣನ್ನು ಸುಲಿದು ಪಕ್ಕಕ್ಕೆ ಒತ್ತರಿಸಿದ್ದವು. ಜೊತೆಗೆ ಹೆಲಿಕಾಪ್ಟರ್ ಇಳಿಯಲು ಕಡಿದ ಬಯಲು, ಸಾವಿರಾರು ಮಂದಿ ಬೀಡುಬಿಟ್ಟು ತುಳಿದ ಶಿಬಿರದ ಜಾಗ, ವಿಮಾನದಿಂದ ಸುರಿದ ಕೆಂಪು ರಾಸಾಯನಿಕ. ಈ ಕೆಂಪು ನೀರಿನ ಮುಖ್ಯ ಸರಕು ರಸಗೊಬ್ಬರ ಜಾತಿಯ ಲವಣವೇ ಆದ್ದರಿಂದ ಅದು ಬಿದ್ದಲ್ಲಿ ಕಳೆ ಹುಲುಸಾಗುವ ಭಯ ಬೇರೆ.

ಬೆಂಕಿ ಹಾದ ನೆಲದಲ್ಲಿ ಬೇರು ಬೀಜ ಇದ್ದವು, ಬುಲ್ಡೋಜರ್ ಹಾದ ನೆಲದಲ್ಲಿ ಅವೂ ಇರಲಿಲ್ಲ. ವ್ಯತ್ಯಾಸ ಇದು. ಹಾಗಾಗಿ ತಂಡಗಳು ಮೊದಲು ಪಕ್ಕಕ್ಕೆ ತಳ್ಳಿದ್ದ ಮೇಲ್ಮಣ್ಣನ್ನು ಎಳೆದು ಹಳೆಯ ಜಾಗಕ್ಕೆ ಹರಡಿದವು. ಇಳಿಜಾರಿನ ರೇಖೆಗಳು ಮಳೆಗೆ ಕೊರಕಲಾಗದಂತೆ ಅಲ್ಲಲ್ಲಿ ಓರೆಯಾಗಿ ಸಣ್ಣ ಒಡ್ಡು ಕಟ್ಟಿದವು. ಕಡಿದ ಮರದ ಎದ್ದು ಕಾಣುವ ಮೋಟುಗಳನ್ನು ನೆಲಮಟ್ಟಕ್ಕೆ ಕೊಯ್ದು, ಕೊರಡು ಕೊಂಬೆಗಳನ್ನು ಪಟ್ಟಿಯ ಮೇಲೆ ಚೆಲ್ಲಾಡಿದವು. ಕೊರಡು ಮಣ್ಣನ್ನು ಹಿಡಿಯುತ್ತದೆ, ಸಸಿಗೆ ನೆರಳಾಗುತ್ತದೆ, ಹೊಸ ಕಾಲುದಾರಿ ಎಂದುಕೊಂಡು ಜನ ಅಲ್ಲಿ ನಡೆಯದಂತೆಯೂ ತಡೆಯುತ್ತದೆ. ರಸ್ತೆ, ಶಿಬಿರಗಳ ಪಕ್ಕದಲ್ಲಿ ತಲೆಯ ಮೇಲೆ ಬೀಳುವಂತಿದ್ದ ಸುಟ್ಟ ಮರಗಳನ್ನು ಮಾತ್ರ ಉರುಳಿಸಿದರು. ಉಳಿದ ಲಕ್ಷಾಂತರ ಎಕರೆಗೆ ಮಾಡಿದ ಚಿಕಿತ್ಸೆ ಎಂದರೆ ಮುಟ್ಟದೆ ಬಿಟ್ಟದ್ದು. ಮರ ಮಾರಲಿಲ್ಲ, ಸಸಿ ನೆಡಲಿಲ್ಲ.

ಇದು ಸೋಮಾರಿತನವಲ್ಲ ಎಂಬುದಕ್ಕೆ ಆಧಾರ ಮಣ್ಣಿನಲ್ಲಿತ್ತು. ಮರದ ತುದಿಯಲ್ಲಿ ಜ್ವಾಲೆ ನೂರಾರು ಅಡಿ ಎದ್ದರೂ ಮಣ್ಣು ಒಳ್ಳೆಯ ಶಾಖರೋಧಕ. ಬೇರು ಬೀಜಗಳು ಸಾಯುವಷ್ಟು ಕಾದದ್ದು ಸುಟ್ಟ ನೆಲದ ಶೇ. 1ಕ್ಕಿಂತ ಕಡಿಮೆ ಭಾಗ. ಇನ್ನು ಅಲ್ಲಿನ ಮುಖ್ಯ ಮರ ಲಾಡ್ಜ್‌ಪೋಲ್ ಪೈನ್. ಇದರ ಅನೇಕ ಮರಗಳಲ್ಲಿ ಕಾಯಿಯ ಹೊರಪದರಗಳು ರಾಳದಿಂದ ಬೆಸುಗೆ ಹಾಕಿದಂತೆ ಮುಚ್ಚಿರುತ್ತವೆ. ವರ್ಷಗಟ್ಟಲೆ ಕಾಯಿ ಮರದಲ್ಲೇ ಕೂತಿರುತ್ತದೆ. ರಾಳ ಕರಗುವಷ್ಟು ಬಿಸಿ ತಗುಲಿದರೆ ಬಾಯಿ ಬಿಟ್ಟು ಬೀಜ ಉದುರಿಸುತ್ತದೆ. ಅಂದರೆ ತಾಯಿಮರ ಸಾಯುವ ಗಳಿಗೆಗೆಂದೇ ಮಾಡಿಟ್ಟ ಕಣಜ. ಮುಂದಿನ ವರ್ಷಗಳಲ್ಲಿ ಕೆಲವು ಕಡೆ ಒಂದು ಹೆಕ್ಟೇರಿಗೆ ಲಕ್ಷಗಟ್ಟಲೆ ಸಸಿಗಳು ಎದ್ದವು, ಮುಚ್ಚಿದ ಕಾಯಿಯ ಮರಗಳಿಲ್ಲದ ಕಡೆ ಬೆರಳೆಣಿಕೆಯಷ್ಟು. ಸಾಮಾನ್ಯವಾಗಿ ಬೇರಿನಿಂದಲೇ ಚಿಗುರಿ ಹರಡುವ ಆಸ್ಪೆನ್ ಮರದ ಬೀಜದ ಸಸಿಗಳೂ ಯಾರೂ ಎಣಿಸದಷ್ಟು ದೂರದಲ್ಲಿ ಕಾಣಿಸಿಕೊಂಡವು. ಸುಟ್ಟ ಮರದ ಹುಳು ತಿನ್ನಲು ಮರಕುಟಿಗಗಳು ಬಂದವು.

ಪ್ರಾಣಿಗಳ ಲೆಕ್ಕವೂ ಜನ ಹೆದರಿದಷ್ಟು ಇರಲಿಲ್ಲ. ಹತ್ತಾರು ಸಾವಿರವಿದ್ದ ಎಲ್ಕ್ ಎಂಬ ದೊಡ್ಡ ಜಿಂಕೆಗಳಲ್ಲಿ ಬೆಂಕಿಗೆ ಸತ್ತದ್ದು ಸುಮಾರು 345. ಅವುಗಳಲ್ಲೂ ಹೆಚ್ಚಿನವು ಹೊಗೆಗೆ. ಆದರೆ ಮೇವು ಸುಟ್ಟುಹೋದ್ದರಿಂದಲೂ, ಬರದಿಂದಲೂ, ಆಮೇಲೆ ಬಂದ ಕಡುಚಳಿಯಿಂದಲೂ ಸತ್ತವು ಅದಕ್ಕಿಂತ ಬಹಳ ಹೆಚ್ಚು. ಸುಮ್ಮನಿರುವುದಕ್ಕೂ ಬೆಲೆಯಿದೆ. ಅದನ್ನು ತೆತ್ತದ್ದು ಎಲ್ಕ್‌ಗಳು.

ಹಾಗಂತ ‘ಮುಟ್ಟದೆ ಬಿಡಿ’ ಎಂಬುದನ್ನು ಎಲ್ಲ ಕಡೆ ಮಂತ್ರದಂತೆ ಜಪಿಸಿದರೆ ಅಪಾಯ. 1994ರ ಜುಲೈ 2ರಂದು ಕೊಲರಾಡೋದ ಸ್ಟಾರ್ಮ್ ಕಿಂಗ್ ಬೆಟ್ಟಕ್ಕೆ ಸಿಡಿಲು ಬಡಿದು ಹತ್ತಿದ ಬೆಂಕಿ ದೊಡ್ಡದೇನಲ್ಲ, ಎರಡು ಸಾವಿರ ಎಕರೆ ಚಿಲ್ಲರೆ. ಆದರೆ ಜುಲೈ 6ರಂದು ಅದು ಗಾಳಿಗೆ ತಿರುಗಿಬಿದ್ದು 14 ಅಗ್ನಿಶಾಮಕರನ್ನು ಕೊಂದಿತು. ಬೆಟ್ಟದ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಸೆಪ್ಟೆಂಬರ್ 1ರ ರಾತ್ರಿ ಜೋರು ಮಳೆ ಬಂತು. ಬರಿದಾದ ಇಳಿಜಾರಿನಿಂದ ಮಣ್ಣು, ಕಲ್ಲು, ಬೂದಿ ಒಂದಾಗಿ ಕೆಸರಿನ ಹೊಳೆಯಂತೆ ಹರಿದು ಕೆಳಗಿನ ಹೆದ್ದಾರಿಯನ್ನು ಮುಚ್ಚಿ, ಸುಮಾರು 30 ವಾಹನಗಳನ್ನು ಸಿಕ್ಕಿಸಿತು. ಯಾರೂ ಸಾಯದೆ ಉಳಿದದ್ದು ಪುಣ್ಯ.

ಹೀಗೇಕೆ? ಎಲೆ ತರಗು ಉರಿಯುವಾಗ ಅದರ ಮೇಣದಂಥ ಅಂಶ ಆವಿಯಾಗಿ ಮಣ್ಣಿಗಿಳಿದು, ಕೆಲವೇ ಅಂಗುಲ ಕೆಳಗೆ ತಣಿದು ಗಟ್ಟಿಯಾಗುತ್ತದೆ. ಮೇಲೆ ಬಿದ್ದ ನೀರು ಮೇಣಗಪ್ಪಡದ ಮೇಲೆ ಬಿದ್ದಂತೆ ಜಾರುತ್ತದೆ. ಹೊಸ ಬೇರುಗಳು ಹಿಡಿಯುವವರೆಗಿನ ಮೊದಲ ಒಂದೆರಡು ಮಳೆಗಾಲವೇ ಗಂಡಾಂತರ. ಬೆಟ್ಟದ ಬುಡದಲ್ಲಿ ಊರು, ರಸ್ತೆ, ಕುಡಿಯುವ ನೀರಿನ ಕೆರೆ ಇದ್ದರೆ ಕೈಕಟ್ಟಿ ಕೂರಲಾಗದು. ಅದಕ್ಕೆಂದೇ ಅಮೆರಿಕದ ಅರಣ್ಯ ಸೇವೆಯಲ್ಲಿ ಮಣ್ಣು, ನೀರು, ಗಿಡ ಬಲ್ಲವರ ತುರ್ತು ತಂಡಗಳಿವೆ. ಬೆಂಕಿ ಹತೋಟಿಗೆ ಬರುತ್ತಿದ್ದಂತೆ ಅವರು ನೆಲ ನೋಡಿ, ಯಾವ ಇಳಿಜಾರಿಗೆ ಒಣಹುಲ್ಲಿನ ಹೊದಿಕೆ, ಯಾವ ಮೋರಿಗೆ ದೊಡ್ಡ ಕೊಳವೆ ಎಂದು ಗುರುತು ಹಾಕುತ್ತಾರೆ.

ಇಲ್ಲೂ ಒಂದು ಹಳೆಯ ನಂಬಿಕೆ ಮುರಿಯಿತು. ಹಲವು ದಶಕಗಳ ಕಾಲ ಸುಟ್ಟ ಬೆಟ್ಟದ ಮೇಲೆ ವಿಮಾನದಿಂದ ಹುಲ್ಲಿನ ಬೀಜ ಎರಚುವುದೇ ದೊಡ್ಡ ಪರಿಹಾರವಾಗಿತ್ತು. ಟೀವಿಯಲ್ಲಿ ಚೆನ್ನಾಗಿಯೂ ಕಾಣುತ್ತಿತ್ತು. 2000ದಲ್ಲಿ ಅರಣ್ಯ ಸೇವೆಯ ಸಂಶೋಧಕರು ಹಳೆಯ ಕಡತಗಳನ್ನೆಲ್ಲ ತೆಗೆದು ನೋಡಿದರೆ, ಮೊದಲ ವರ್ಷದ ಮಣ್ಣು ಸವಕಳಿಯನ್ನು ಈ ಬೀಜ ತಡೆದದ್ದಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಬೀಜ ಮೊಳೆತು ಬೇರೂರುವ ಮೊದಲೇ ಜೋರು ಮಳೆ ಬಂದಿರುತ್ತದೆ. ಚೆನ್ನಾಗಿ ಮೊಳೆತಲ್ಲಿ ಪರದೇಶಿ ಹುಲ್ಲು ಸ್ಥಳೀಯ ಗಿಡಗಳ ಜಾಗ ಕಸಿಯುತ್ತದೆ. ನೆಲಕ್ಕೆ ಹಾಸಿದ ಬರಿಯ ಒಣಹುಲ್ಲು ಅದಕ್ಕಿಂತ ಎಷ್ಟೋ ಮೇಲು.

ನಿಜವಾದ ಜಗಳ ಹುಲ್ಲಿನದ್ದಲ್ಲ, ನಾಟಾದ್ದು. ಅದರ ರಣರಂಗ ಆರೆಗನ್ ರಾಜ್ಯದ ಸಿಸ್ಕಿಯೂ ಬೆಟ್ಟಗಳು. ಅಲ್ಲಿ 1987ರ ಆಗಸ್ಟ್ 30ರ ಸಿಡಿಲಿನಿಂದ ‘ಸಿಲ್ವರ್’ ಬೆಂಕಿ ಹತ್ತಿ ಲಕ್ಷಕ್ಕೆ ಸ್ವಲ್ಪ ಕಡಿಮೆ ಎಕರೆ ಸುಟ್ಟಿತು. ಮುಂದಿನ ಕೆಲವು ವರ್ಷಗಳಲ್ಲಿ ಒಂದಷ್ಟು ಕಡೆ ಸತ್ತ ಮರ ಕಡಿದು ಸಾಗಿಸಿ ಸಸಿ ನೆಟ್ಟರು, ಉಳಿದದ್ದನ್ನು ಹಾಗೇ ಬಿಟ್ಟರು. 2002ರ ಜುಲೈ 13ರಂದು ಮತ್ತೆ ಸಿಡಿಲು ಬಡಿಯಿತು. ಹಲವು ಬೆಂಕಿಗಳು ಒಂದಾಗಿ ‘ಬಿಸ್ಕಿಟ್’ ಎಂಬ ಹೆಸರಿನಲ್ಲಿ ಸುಮಾರು 5 ಲಕ್ಷ ಎಕರೆಯನ್ನು ನುಂಗಿದವು. ಸಿಲ್ವರ್ ಸುಟ್ಟ ನೆಲವೂ ಅದರೊಳಗೇ ಬಂತು. ಯಾವ ವಿಜ್ಞಾನಿಯೂ ಹೂಡಲಾಗದ ಪ್ರಯೋಗವನ್ನು ಸಿಡಿಲು ಹೂಡಿಕೊಟ್ಟಂತಾಯಿತು.

ಸುಟ್ಟು ನಿಂತ ಮರಕ್ಕೆ ಆಯುಸ್ಸು ಕಡಿಮೆ. ಹುಳು ಕೊರೆಯುತ್ತದೆ, ಬೂಷ್ಟು ಹಿಡಿಯುತ್ತದೆ, ಎರಡು ಮೂರು ವರ್ಷದಲ್ಲಿ ಬೆಲೆ ಬಿದ್ದುಹೋಗುತ್ತದೆ. ಗರಗಸದ ಮಿಲ್ಲುಗಳನ್ನೇ ನಂಬಿದ ಊರುಗಳು ಬೇಗ ಕಡಿಯಿರಿ ಎಂದು ಕೂಗುವುದು ನ್ಯಾಯವೇ. ಬೇಗ ಕಡಿದು ನೆಡದಿದ್ದರೆ ಪೊದೆಗಾಡು ಬಹುಕಾಲ ಆಳುತ್ತದೆ ಎಂದು ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಅರಣ್ಯ ಪ್ರಾಧ್ಯಾಪಕರ ವರದಿಯೊಂದು 2003ರಲ್ಲಿ ಎಚ್ಚರಿಸಿತು. 2004ರಲ್ಲಿ ಸರ್ಕಾರ ಕಡಿತದ ದೊಡ್ಡ ಯೋಜನೆ ಹೊರಡಿಸಿತು. ಕೋರ್ಟು, ಧರಣಿ, ರಸ್ತೆ ತಡೆ ಎಲ್ಲ ಆಗಿ ಕಡೆಗೆ ಹೊರಬಂದ ನಾಟಾ ಅದರ ಸಣ್ಣ ಪಾಲು.

ಇದೇ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಡೊನಾಟೋ ಎಂಬ ಸಂಶೋಧನಾ ವಿದ್ಯಾರ್ಥಿಯಿದ್ದ. ಅವನೂ ಜೊತೆಗಾರರೂ ಬಿಸ್ಕಿಟ್ ನೆಲದಲ್ಲಿ ಕೂತು ಸಸಿ ಎಣಿಸಿದರು. ಕಡಿಯದೆ ಬಿಟ್ಟ ಕಡೆ ಯಾರೂ ನೆಡದೆ ಒಂದು ಹೆಕ್ಟೇರಿಗೆ 767 ಸಸಿಗಳು. ಕಡಿದು ಎಳೆದ ಕಡೆ 224. ದಿಮ್ಮಿ ಎಳೆಯುವಾಗ ಎಳೆಸಸಿಗಳು ಶೇ. 71ರಷ್ಟು ನಾಶವಾಗಿದ್ದವು. ಮೇಲಾಗಿ, ಒಯ್ಯದೆ ಬಿಟ್ಟ ರೆಂಬೆಕೊಂಬೆ ನೆಲದ ಮೇಲೆ ಹೊಸ ಉರುವಲಾಗಿ ಬಿದ್ದಿತ್ತು. 2006ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆ ಒಂದೇ ಪುಟದ ಈ ಲೇಖನ ಒಪ್ಪಿಕೊಂಡಾಗ ಅದೇ ಕಾಲೇಜಿನ ಕೆಲವು ಪ್ರಾಧ್ಯಾಪಕರು ಅದರ ಮುದ್ರಣ ತಡೆಯಲು ಪತ್ರ ಬರೆದರು. ಪತ್ರಿಕೆ ಬಗ್ಗಲಿಲ್ಲ. ಹಣ ಕೊಟ್ಟಿದ್ದ ಸರ್ಕಾರಿ ಇಲಾಖೆ ಅನುದಾನ ನಿಲ್ಲಿಸಿ, ಗದ್ದಲವಾದ ಮೇಲೆ ಮತ್ತೆ ಕೊಟ್ಟಿತು. ಎರಡು ವರ್ಷದ ಎಣಿಕೆಯಿಂದ ಕಾಡಿನ ಭವಿಷ್ಯ ಹೇಳಲಾಗದು ಎಂಬ ಟೀಕಾಕಾರರ ಮಾತಿನಲ್ಲೂ ತಿರುಳಿತ್ತು. ಆದರೆ ಅದನ್ನು ಲೇಖನ ಅಚ್ಚಾದ ಮೇಲೆ ಹೇಳಬಹುದಿತ್ತು.

2007ರಲ್ಲಿ ಜೊನಾಥನ್ ಥಾಂಪ್ಸನ್ ಮತ್ತು ಸಂಗಡಿಗರು ಎರಡೂ ಬೆಂಕಿಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನೋಡಿದರು. 1987ರ ನಂತರ ಕಡಿದು ನೆಟ್ಟು ‘ದುರಸ್ತಿ’ ಮಾಡಿದ ನೆಲ, ಸುಮ್ಮನೆ ಬಿಟ್ಟ ನೆಲಕ್ಕಿಂತ 2002ರಲ್ಲಿ ಹೆಚ್ಚು ಉಗ್ರವಾಗಿ ಸುಟ್ಟಿತ್ತು. ತಪ್ಪು ಕಡಿದದ್ದರದೋ ನೆಟ್ಟದ್ದರದೋ ಬೇರ್ಪಡಿಸಿ ಹೇಳಲಾಗದು ಎಂದು ಅವರೇ ಎಚ್ಚರಿಕೆಯಿಂದ ಬರೆದಿದ್ದಾರೆ. ಒಂದೇ ಎತ್ತರದ, ಒತ್ತೊತ್ತಾದ ಎಳೆಯ ನೆಡುತೋಪು ಬೆಂಕಿಗೆ ಎಷ್ಟು ಸಲೀಸು ಎಂಬುದು ಊಹಿಸಲಾಗದ್ದೇನಲ್ಲ.

ಇಷ್ಟಾದ ಮೇಲೆ ಯೆಲ್ಲೋಸ್ಟೋನಿನವರು ಗೆದ್ದರು ಎನ್ನಬೇಕಿತ್ತು. 2016ರ ಆಗಸ್ಟಿನಲ್ಲಿ ಉದ್ಯಾನದ ಪಶ್ಚಿಮಕ್ಕೆ ಸಿಡಿಲು ಬಡಿದು ‘ಮೇಪಲ್’ ಬೆಂಕಿ ಹತ್ತಿತು. ಅದು ಸುಟ್ಟದ್ದು 1988ರ ಬೂದಿಯಿಂದ ತಾನಾಗಿ ಎದ್ದಿದ್ದ, ಇಪ್ಪತ್ತೆಂಟು ವರ್ಷದ ಎಳೆಗಾಡನ್ನು. ಈ ಕಾಡುಗಳಲ್ಲಿ ಎರಡು ದೊಡ್ಡ ಬೆಂಕಿಗಳ ನಡುವೆ ನೂರರಿಂದ ಮುನ್ನೂರು ವರ್ಷಗಳ ಬಿಡುವಿರುವುದು ವಾಡಿಕೆ. ಕಣಜ ತುಂಬಲು ಪೈನ್ ಮರಕ್ಕೆ ಬೇಕಾದ ಸಮಯವೂ ಆ ಬಿಡುವೇ. ಬೇಸಿಗೆ ಬಿಸಿಯಾಗುತ್ತ ಒಣಗುತ್ತ ಹೋದಂತೆ ಅದು ಕುಗ್ಗುತ್ತಿದೆ. 1988ರ ನೆಲವನ್ನು ದಶಕಗಳಿಂದ ಅಳೆಯುತ್ತ ಬಂದ ವಿಜ್ಞಾನಿ ಮೋನಿಕಾ ಟರ್ನರ್ ಮತ್ತು ತಂಡ ಮತ್ತೆ ಹೋಗಿ, ಹೀಗೆ ಬೇಗನೆ ಎರಡನೆಯ ಸಲ ಸುಟ್ಟ ಕಡೆಗಳಲ್ಲಿ ಸಸಿ ಎಣಿಸಿತು. 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸಸಿಗಳು ಆರನೇ ಒಂದು ಪಾಲಿಗೆ ಇಳಿದಿದ್ದವು. 1988ರಲ್ಲಿ ಸತ್ತು ಬಿದ್ದು ಮಣ್ಣನ್ನು ಕಾಯುತ್ತಿದ್ದ ಕೊರಡುಗಳೂ ಕೆಲವು ಕಡೆ ಪೂರ್ತಿ ಉರಿದುಹೋಗಿದ್ದವು. ಅವು ಮಲಗಿದ್ದ ಜಾಗದಲ್ಲಿ ನೆಲದ ಮೇಲೆ ಉದ್ದನೆಯ ಗುರುತು ಮಾತ್ರ ಉಳಿದಿತ್ತು.